ಪಿಳ್ಳಮ್ಮಕ್ಕನ ಕ್ಲಚ್ಚಿಲ್ಲದ ಕಾರು

ನಮ್ಮ ಎರಡು ಮನೆ ಸೇರಿಸಿದರೂ ಕಾರು ಓಡಿಸಲು ಬರುವುದು ಒಬ್ಬರಿಗೇ. ಅದು ನನ್ನ ಓರಗಿತ್ತಿ ಪಿಳ್ಳಮ್ಮಕ್ಕನಿಗೆ. ಅವಳಿಗೆ ಐವತ್ತು ದಾಟಿದೆ, ಎಡ ಮಂಡಿ ಸವೆದಿದೆ, ಬಾಯಿ ಮಾತ್ರ ಇನ್ನೂ ಹೊಸದರಂತೆಯೇ ಇದೆ. ಕಾರಿನ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದುರಿಗೆ ಬರುವ ಲಾರಿಗಳಿಗೆ ಒಂದೊಂದಾಗಿ ಬೈಯುತ್ತಾ ಅವಳು ಹೊರಟರೆ, ಆ ಲಾರಿಯವರಿಗೆ ಏನೂ ಕೇಳಿಸದೇ ಇರುವುದು ಅವರ ಪುಣ್ಯ.

ಪಿಲ್ಲಗುಂಪೆಯ ಫ್ಯಾಕ್ಟರಿ ಗೇಟಿನ ಮುಂದೆ, ಬೆಳಗಿನ ಶಿಫ್ಟಿಗೆ ಬರುವವರಿಗೆ ಇಡ್ಲಿ, ಚಿತ್ರಾನ್ನ ಮಾರುವುದು ಅವಳ ಕೆಲಸ. ಕಾರು ಬರುವ ಮುಂಚೆ ಪಾತ್ರೆಗಳನ್ನೆಲ್ಲ ಮೊಪೆಡ್ಡಿಗೆ ಕಟ್ಟಿ, ಅವಳನ್ನು ಹಿಂದೆ ಕೂರಿಸಿಕೊಂಡು ಭಾವ ಕರೆದುಕೊಂಡು ಹೋಗುತ್ತಿದ್ದರು. ಭಾವ ಎಂದರೆ ಅವಳ ಗಂಡ, ನನ್ನ ಗಂಡನ ಅಣ್ಣ, ಹನುಮಂತರಾಯಪ್ಪ. ಅವರು ಎದ್ದರೆ ಇಡ್ಲಿ ಉಂಟು, ಏಳದಿದ್ದರೆ ಇಲ್ಲ. ಯಾರದೋ ಮದುವೆ, ಯಾರದೋ ತಿಥಿ, ಯಾರದೋ ಜಗಳದ ಪಂಚಾಯ್ತಿ ಎಂದು ಅವರು ಹೊರಟುಬಿಟ್ಟರೆ ಅವತ್ತಿನ ಸಾಂಬಾರು ಪೂರ್ತಿ ನಮ್ಮ ಮನೆಗೆ ಬರುತ್ತಿತ್ತು. ಒಂದು ಶಿಫ್ಟಿಗೆಂದು ಮಾಡಿದ ಸಾಂಬಾರನ್ನು ನಾವು ಒಂದೇ ಮನೆಯವರು ತಿಂದು ಮುಗಿಸಬೇಕಾಗಿತ್ತು. ಹಾಗಾಗಿ ಪಿಳ್ಳಮ್ಮಕ್ಕ ಹೊಸಕೋಟೆಗೆ ಹೋಗಿ ಡ್ರೈವಿಂಗ್ ಕಲಿಯುತ್ತೇನೆ ಎಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನಾನೇ.

ಮಂಡಿಯಿಂದಾಗಿ ಕ್ಲಚ್ ತುಳಿಯಲು ಆಗುವುದಿಲ್ಲವೆಂದು ಅವಳು ಆಟೋಮ್ಯಾಟಿಕ್ ಗೇರಿನ ಹಳೆಯ ಕಾರೊಂದನ್ನು ತಂದಳು. ಭಾವ ಜೀವಮಾನವಿಡೀ ಟ್ರ್ಯಾಕ್ಟರ್ ಓಡಿಸಿದವರು. ಬಾಗಿಲಿನಿಂದ ಒಳಗೆ ತಲೆ ಹಾಕಿದರು, ಎರಡೇ ಪೆಡಲ್ ಇರುವುದನ್ನು ನೋಡಿದರು, ತಲೆ ಹೊರಗೆ ತೆಗೆದರು.

“ಕ್ಲಚ್ಚೇ ಇಲ್ವಲ್ಲ. ಇದೇನು ಗಾಡಿನಾ, ಮಿಕ್ಸಿನಾ?”

ಅವತ್ತಿನಿಂದ ಅವರು ಆ ಕಾರಿನಲ್ಲಿ ಕೂತವರಲ್ಲ. ಹೆಂಡತಿ ಕಾರಿನಲ್ಲಿ ಹೊಸಕೋಟೆ ಸಂತೆಗೆ ಹೊರಟರೆ ಇವರು ಅದೇ ಸಂತೆಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಬಸ್ಸು ಮೊದಲು ತಲುಪಿದ ದಿನ ಸಂತೆ ಬಾಗಿಲಲ್ಲಿ ಕಾದು ನಿಂತು, “ಈಗ ಬಂತಾ ಮಿಕ್ಸಿ?” ಎಂದು ಕೇಳಿ, ಆ ಒಂದು ಸುಖಕ್ಕಾಗಿಯೇ ಬಂದಿದ್ದವರಂತೆ ಮತ್ತೆ ಬಸ್ಸು ಹತ್ತುತ್ತಿದ್ದರು.

ನಮ್ಮ ಎರಡು ಮನೆಗೂ ಅಂಗಳ ಒಂದೇ. ಸಗಣಿ ಸಾರಿಸಿ ರಂಗೋಲಿ ಬಿಡುವುದು ನನ್ನ ಪಾಲಿನ ಕೆಲಸ. ಪಿಳ್ಳಮ್ಮಕ್ಕ ಇಡ್ಲಿ ಮಾರಿ ಬಂದವಳು ನೇರವಾಗಿ ನನ್ನ ರಂಗೋಲಿಯ ಮೇಲೇ ಕಾರು ನಿಲ್ಲಿಸಿ ಪಾತ್ರೆ ಇಳಿಸುತ್ತಾಳೆ, ಆಮೇಲೆ ಹೊಂಗೆ ಮರದ ಕೆಳಗೆ ಒಯ್ಯುತ್ತಾಳೆ. ಆ ವಿಷಯಕ್ಕೆ ನಮ್ಮಿಬ್ಬರ ನಡುವೆ ಇರುವ ಜಗಳ ಬೇರೆಯೇ ಇದೆ, ಅದನ್ನು ಇಲ್ಲಿ ತೆಗೆಯುವುದಿಲ್ಲ.

ಒಂದು ಅಮಾವಾಸ್ಯೆಯ ಬೆಳಿಗ್ಗೆ ನಾನು ಹೊರಗೆ ಬಂದರೆ ರಂಗೋಲಿಯ ನಡುವೆ ರಕ್ತದಂಥ ಕೆಂಪು ಹನಿಗಳು. ಪಕ್ಕದಲ್ಲಿ ಅಪ್ಪಚ್ಚಿಯಾದ ಒಂದು ನಿಂಬೆಹಣ್ಣು. ಯಾರೋ ನಮಗೆ ಮಾಟ ಮಾಡಿಸಿದ್ದಾರೆ ಎಂದುಕೊಂಡೆ. ಯಾರು ಎಂದು ಯೋಚಿಸುವಷ್ಟರಲ್ಲಿ ನಾಲ್ಕು ಹೆಸರು ತಾವಾಗಿಯೇ ಬಂದವು, ಅವರೆಲ್ಲ ನನ್ನ ಗಂಡನ ಕಡೆಯವರೇ. ಒಳಗೆ ಓಡಿ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಮೂರನ್ನೂ ತಂದು ದೂರದಲ್ಲೇ ನಿಂತು ಪಿಳ್ಳಮ್ಮಕ್ಕನನ್ನು ಕೂಗಿದೆ.

ಅವಳು ಬಂದಳು. ಯಂತ್ರವಾಗಲಿ ಅಡುಗೆಯಾಗಲಿ, ಅವಳು ನೋಡುವ ರೀತಿ ಒಂದೇ. ಬಗ್ಗಿ, ಕೆಂಪು ಹನಿಯನ್ನು ಬೆರಳಿಂದ ಮುಟ್ಟಿ, ಉಜ್ಜಿ, ಮೂಸಿ ನೋಡಿದಳು. ನಾಲಿಗೆಗೂ ಇಟ್ಟುಬಿಡುತ್ತಾಳೇನೋ ಎಂದು ನಾನು ಕಣ್ಣು ಮುಚ್ಚಿಕೊಂಡೆ.

“ಕುಂಕುಮ ಅಲ್ಲ ಕಣೆ, ಎಣ್ಣೆ. ಮಾಟಕ್ಕೆ ಯಾರಾದ್ರೂ ಇಷ್ಟು ಒಳ್ಳೆ ಎಣ್ಣೆ ಹಾಕ್ತಾರಾ?”

“ಮತ್ತೆ ನಿಂಬೆಹಣ್ಣು?”

“ಚಿತ್ರಾನ್ನಕ್ಕೆ ಅಂತ ಇಟ್ಕೊಂಡಿದ್ದು. ಪಾತ್ರೆ ಇಳಿಸೋವಾಗ ಬಿದ್ದು ಟೈರಿಗೆ ಸಿಕ್ತು.”

ನಾವಿಬ್ಬರೂ ತಿರುಗಿ ಹೊಂಗೆ ಮರದ ಕಡೆ ನೋಡಿದೆವು. ಕಾರಿನ ಮೂತಿಯ ಕೆಳಗೆ, ನೆಲದ ಮೇಲೆ, ಅದೇ ಕೆಂಪು. ಅಷ್ಟರಲ್ಲಿ ಭಾವ ಬಾಯಿ ಮುಕ್ಕಳಿಸುತ್ತಾ ಹೊರಗೆ ಬಂದರು. ಅವರ ಬಲಗಾಲಿನಲ್ಲಿ ಟೈರಿನ ತಳದ ಚರ್ಮದ ಎಕ್ಕಡ, ಎಡಗಾಲಿನಲ್ಲಿ ನನ್ನ ನೀಲಿ ಹವಾಯಿ ಚಪ್ಪಲಿ. ಎಡಗಾಲಿನ ಎಕ್ಕಡವನ್ನು ನಮ್ಮ ನಾಯಿ ಟೈಗರ್ ಕಚ್ಚಿಕೊಂಡು ಹೋಗಿ ಎಲ್ಲೋ ಹೂತಿಟ್ಟಿದೆ ಎಂಬುದು ಅವರ ಆರೋಪ. ಆ ಸಿಟ್ಟಿಗೆ ನಾಯಿಯನ್ನು ಜಗಲಿ ಹತ್ತಲು ಬಿಡುತ್ತಿರಲಿಲ್ಲ. ಈಗ ಕಾರನ್ನೂ ಎಣ್ಣೆಯನ್ನೂ ನೋಡಿ ಅವರ ಮುಖ ಅರಳಿತು.

“ನಾನು ಅವತ್ತೇ ಹೇಳಿದ್ನಲ್ಲ,” ಎಂದರು.

ಏನು ಹೇಳಿದ್ದರು ಎಂದು ಯಾರೂ ಕೇಳಲಿಲ್ಲ. ಹೊಸಕೋಟೆಯ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆವು. ಅವನು ಕಾರಿನ ಕೆಳಗೆ ಬಗ್ಗಿಯೂ ನೋಡದೆ, ಬಾನೆಟ್ಟಿನ ಮೇಲೆ ತಾಳ ಹಾಕುತ್ತಾ, ಗೇರ್‌ಬಾಕ್ಸ್ ಪೂರ್ತಿ ಇಳಿಸಿ ಬೆಂಗಳೂರಿಗೆ ಕಳಿಸಬೇಕು, ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ ಎಂದು ಹೇಳಿ ಹೋದ. ಅವನ ಬೆನ್ನು ಮರೆಯಾಗುವುದಕ್ಕೆ ಮುಂಚೆಯೇ ಭಾವ ಫೋನ್ ತೆಗೆದು ಹಳೇ ಗಾಡಿಗಳ ಬ್ರೋಕರ್ ಸುನಿಲ್‌ಕುಮಾರ್‌ಗೆ ಭಾನುವಾರ ಬಾ ಎಂದರು.

“ನೋಡು ಪಿಳ್ಳಮ್ಮ, ಭಾನುವಾರದೊಳಗೆ ಆ ಎಣ್ಣೆ ನಿಲ್ತಾ, ಗಾಡಿ ಇರ್ಲಿ. ನಾನು ಬಾಯಿ ಬಿಡಲ್ಲ. ನಿಲ್ಲಲಿಲ್ವಾ, ಅವನು ಹೊಡ್ಕೊಂಡು ಹೋಗ್ಲಿ. ನಮ್ಮ ಮೊಪೆಡ್ ಇದ್ದೇ ಇದೆ.”

“ಆಯ್ತು,” ಎಂದಳು ಪಿಳ್ಳಮ್ಮಕ್ಕ. ಅಷ್ಟು ಸುಲಭವಾಗಿ ಅವಳು ಒಪ್ಪಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮಧ್ಯಾಹ್ನ ಇಬ್ಬರೂ ಅಕ್ಕಿ ಆರಿಸುತ್ತಾ ಕೂತಿದ್ದಾಗ ಅವಳು ತಲೆ ಎತ್ತದೆ ಹೇಳಿದಳು. “ಮತ್ತೆ ಇವರ ಹಿಂದೆ ಸಾಂಬಾರ್ ಪಾತ್ರೆ ತಬ್ಕೊಂಡು ಕೂರಕ್ಕೆ ಆಗಲ್ಲ ಕಣೆ ಆಶಾ. ನಾನು ಎದ್ದಾಗ ನಾನು ಹೊರಡಬೇಕು. ಅಷ್ಟೇ ನನಗೆ ಬೇಕಾಗಿರೋದು. ನಾಕು ದಿನ ಗೇಟ್ ಹತ್ರ ಕಾಣಿಸ್ಲಿಲ್ಲ ಅಂದ್ರೆ ಆ ಜಾಗಕ್ಕೆ ಇನ್ಯಾರೋ ಬಂದು ದೋಸೆ ಕಲ್ಲು ಇಟ್ಬಿಡ್ತಾರೆ.”

ನನಗೂ ಸಂಕಟವಾಯಿತು. ನನ್ನ ಕಣ್ಣ ಮುಂದೆ ಬಂದದ್ದು ಸಾಂಬಾರಿನ ಪಾತ್ರೆ ಎಂದು ಬೇಕಾದರೆ ಹೇಳಿಕೊಳ್ಳಿ. ಆದರೆ ಆ ಕಾರಿನ ಬೀಗದ ಕೈಯನ್ನು ಅವಳು ತಾಳಿ ಸರದ ಪಿನ್ನಿಗೆ ಸಿಕ್ಕಿಸಿಕೊಂಡು ಓಡಾಡುವುದನ್ನು ನೋಡಿದ ಯಾರಿಗಾದರೂ ಸಂಕಟವಾಗುತ್ತಿತ್ತು.

ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿ ಹೊಸಕೋಟೆಯ ಮಸ್ತಾನ್ ಭಾಯ್ ಅವರ ಸ್ಪೇರ್ಸ್ ಅಂಗಡಿಗೆ ಹೋದೆವು. ಸೋರಿದ ಎಣ್ಣೆಯನ್ನು ಪಿಳ್ಳಮ್ಮಕ್ಕ ಚಟ್ನಿ ಹಾಕುವ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದಳು. ಮಸ್ತಾನ್ ಭಾಯ್ ಆಗಾಗ ಅವಳ ಇಡ್ಲಿ ತಿಂದವರು, ಡಬ್ಬಿ ನೋಡಿದ ಕೂಡಲೇ ಗುರುತು ಹಿಡಿದು ಮುಚ್ಚಳ ತೆಗೆದರು.

“ಅಮ್ಮ, ಇವತ್ತು ಚಟ್ನಿ ನೀರಾಗೈತೆ.”

“ತಿನ್ಬೇಡಪ್ಪ, ಅದು ಕಾರಿಂದು.”

ಅವರು ಡಬ್ಬಿಯನ್ನು ಬೆಳಕಿಗೆ ಹಿಡಿದರು. “ಕೆಂಪಿದ್ರೆ ಗೇರಿಂದೇ. ಗೇರ್‌ಬಾಕ್ಸ್ ಇಳಿಸೋದು ಆಮೇಲಿನ ಮಾತು ಅಮ್ಮ. ಮೊದ್ಲು ಎಲ್ಲಿಂದ ಬರ್ತೈತೆ ನೋಡಿ. ಮುಂದೆ ರೇಡಿಯೇಟರ್‌ಗೆ ಹೋಗೋ ರಬ್ಬರ್ ಪೈಪ್ ಇರ್ತದೆ, ಅದಕ್ಕೆ ಕ್ಲಿಪ್ ಇರ್ತದೆ. ಒಂದ್ಕಡೆ ಸೋರಿ ಇನ್ನೊಂದ್ಕಡೆ ಬೀಳ್ತದೆ ಈ ಎಣ್ಣೆ. ಚೆನ್ನಾಗಿ ಒರೆಸಿ, ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ, ಆಫ್ ಮಾಡಿ ನೋಡಿ. ಪೌಡರ್ ಎಲ್ಲಿ ಮೊದ್ಲು ಕೆಂಪಾಗ್ತದೋ ಅದೇ ಜಾಗ.”

ಎರಡು ಹೊಸ ಕ್ಲಿಪ್ಪು, ಒಂದು ಡಬ್ಬ ಕೆಂಪು ಎಣ್ಣೆ ಕೊಟ್ಟು, ಬರೀ ಜಾಕಿ ನಂಬಿಕೊಂಡು ಗಾಡಿ ಕೆಳಗೆ ಹೋಗಬೇಡಿ ಎಂದು ಎರಡು ಸಲ ಹೇಳಿದರು. ಬೇರೆ ಯಾವ ಎಣ್ಣೆಯನ್ನೂ ಹಾಕಬೇಡಿ ಎಂದು ಮೂರು ಸಲ ಹೇಳಿದರು. ಅವರಿಗೆ ಭಾವನ ಪರಿಚಯವೂ ಇತ್ತು.

ಶನಿವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಹಳೇ ದನದ ಕೊಟ್ಟಿಗೆಯಿಂದ ಚಪ್ಪಡಿ ಕಲ್ಲುಗಳನ್ನು ತಂದು ಮೆಟ್ಟಿಲಂತೆ ಜೋಡಿಸಿದೆವು. ನಾನು ಮುಂದೆ ನಿಂತು ಕೈ ಸನ್ನೆ ಮಾಡಿದಂತೆ ಅವಳು ಮುಂದಿನ ಎರಡು ಚಕ್ರಗಳನ್ನು ಹತ್ತಿಸಿದಳು. ಹಿಂದಿನ ಚಕ್ರಗಳು ಉರುಳದಂತೆ ಒಂದಕ್ಕೆ ರುಬ್ಬುಗುಂಡು, ಇನ್ನೊಂದಕ್ಕೆ ನಮ್ಮತ್ತೆಯ ಕಾಲದ ಬೀಸುಕಲ್ಲಿನ ಒಂದು ಹೋಳು ಕೊಟ್ಟೆವು. ಅತ್ತೆ ಇದ್ದಿದ್ದರೆ ನಮ್ಮನ್ನು ಆ ಚಕ್ರಗಳಿಗೇ ಕೊಡುತ್ತಿದ್ದರು.

ಭಾವ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಅವರು ಸುಮ್ಮನೆ ಕೂತು ನೋಡಲಿಲ್ಲ. ಮೊದಲು ಬಟ್ಟೆ ಸೋಪಿನ ಬಿಲ್ಲೆ ಹಿಡಿದು ಬಂದರು. ಟ್ರ್ಯಾಕ್ಟರ್ ಟ್ಯಾಂಕು ಸೋರಿದಾಗ ಸೋಪು ಮೆತ್ತಿ ಒಂದು ಸುಗ್ಗಿಯನ್ನೇ ಕಳೆದಿದ್ದೇನೆ ಎಂದರು. ಅದನ್ನು ನಾನು ಇಸಿದುಕೊಂಡು ಕೈ ತೊಳೆಯಲು ಇಟ್ಟುಕೊಂಡೆ. ಆಮೇಲೆ ಟ್ರ್ಯಾಕ್ಟರಿನ ಗೇರಿಗೆ ಹಾಕುವ ದಪ್ಪನೆಯ ಎಣ್ಣೆಯ ಕ್ಯಾನನ್ನೂ ಲಾಳಿಕೆಯನ್ನೂ ತಂದರು. ಪಿಳ್ಳಮ್ಮಕ್ಕ ಬಾನೆಟ್ಟಿಗೆ ಅಡ್ಡ ನಿಂತಳು.

“ಎಣ್ಣೆ ಅಂದ್ಮೇಲೆ ಎಲ್ಲಾ ಎಣ್ಣೇನೇ ಕಣೆ.”

“ಹಂಗಾದ್ರೆ ನಾಳೆ ಚಿತ್ರಾನ್ನದ ಒಗ್ಗರಣೆಗೂ ಇದನ್ನೇ ಹಾಕ್ತೀನಿ, ತಿಂತೀರಾ?”

ಕ್ಯಾನು ಹಿಂದಕ್ಕೆ ಹೋಯಿತು. ಪಿಳ್ಳಮ್ಮಕ್ಕ ಕಾರಿನ ಕೆಳಗೆ ಕೋಳಿ ಫೀಡಿನ ಖಾಲಿ ಚೀಲ ಹಾಸಿ ಮಲಗಲು ಹೊರಟಾಗ ಭಾವ ದಡಬಡಿಸಿ ಎದ್ದು ಬಂದರು. “ನೀನು ಬೇಡ. ಮಂಡಿ ಸರಿಯಿಲ್ಲ. ನಾನು ಹೋಗ್ತೀನಿ,” ಎಂದು ಅವಳು ಬೇಡವೆನ್ನುವಷ್ಟರಲ್ಲಿ ಕೆಳಗೆ ನುಗ್ಗಿಯೇಬಿಟ್ಟರು. ತಲೆ ಹೋಯಿತು, ಎದೆ ಹೋಯಿತು. ಎರಡು ರಾಗಿ ಮುದ್ದೆ ಇಳಿಸಿದ್ದ ಹೊಟ್ಟೆ ಬಂಪರಿನ ಹತ್ತಿರ ನಿಂತುಬಿಟ್ಟಿತು. ಒಳಗಿಂದ ಏನೋ ಕೈಯಾಡಿಸುವ ಸದ್ದು, ಆಮೇಲೆ ನರಳಾಟ.

“ಆಶಾ, ಎಳಿಯಮ್ಮ.”

ಭಾವನ ಕಾಲು ಹಿಡಿಯುವುದೆಂದರೆ ನಮ್ಮಲ್ಲಿ ನಮಸ್ಕಾರಕ್ಕೆ ಮಾತ್ರ. ಅವತ್ತು ನಾನು ಒಂದು ಕಾಲು, ಪಿಳ್ಳಮ್ಮಕ್ಕ ಒಂದು ಕಾಲು ಹಿಡಿದು ಅವರನ್ನು ಎಳೆದು ಹಾಕಿದೆವು. ನನ್ನ ಹವಾಯಿ ಚಪ್ಪಲಿ ಕಿತ್ತುಹೋಯಿತು. ಅವರು ಮೈ ಕೊಡವಿಕೊಂಡು ಮತ್ತೆ ಜಗಲಿಗೆ ಹೋಗಿ ಬೀಡಿ ಹಚ್ಚಿದರು. ಗಂಡಸಿಗೆ ಅವಮಾನವಾದರೆ ಹೀಗೆಯೇ ಬೀಡಿಯ ಉಲ್ಟಾ ತುದಿಗೆ ಬೆಂಕಿ ಇಡುತ್ತಾನೆ ಎಂದುಕೊಂಡೆ.

ಮುಂದಿನದು ನನ್ನ ಕೆಲಸ. ಎಣ್ಣೆ ಬೀಳುವ ಜಾಗ ಸರಿಯಾಗಿ ತಿಳಿಯಬೇಕಾದರೆ ನೆಲದ ಮೇಲೆ ಗುರುತಿರಬೇಕು ಎಂದಳು ಪಿಳ್ಳಮ್ಮಕ್ಕ. ನಾನು ಕಾರಿನ ಮೂತಿಯ ಕೆಳಗೆ ಕೈ ಚಾಚಿ ಸಾರಿಸಿ, ಸಂಕ್ರಾಂತಿಗೆ ಇಡುವಂತೆ ಸಾಲಾಗಿ ಚುಕ್ಕಿ ಇಟ್ಟೆ. ಅವಳು ಕಾರು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆಫ್ ಮಾಡಿದಳು. ಬಗ್ಗಿ ನೋಡಿದೆವು. ಅಷ್ಟು ಚುಕ್ಕಿಗಳಲ್ಲಿ ಎಡಗಡೆಯ ಮೂಲೆಯದೊಂದು ಮಾತ್ರ ಕೆಂಪಾಗಿತ್ತು. ಕಾರು ಬಂದ ಮೇಲೆ ನನ್ನ ರಂಗೋಲಿಗೆ ಬೆಲೆ ಸಿಕ್ಕಿದ್ದು ಅದೇ ಮೊದಲು. ಆ ಜಂಬದಲ್ಲಿ ನಾನು ಭಾವನ ಕಡೆ ತಿರುಗಿದರೆ ಅವರು ಬೀಡಿ ಬಿಸಾಡಿ ಎದ್ದು ನಿಂತಿದ್ದರು.

“ಸಾಕು ಬಿಡ್ರೇ. ಸುನಿಲ್‌ಕುಮಾರ್ ಬಂದು ನೋಡ್ಕೊಳ್ಳಲಿ. ಹೆಂಗಸ್ರು ಗಾಡಿ ಕೆಳಗೆ ಮಲಗೋದು ನೋಡಿದ್ರೆ ಊರವರು ಏನಂತಾರೆ?”

“ಗಂಡಸ್ರು ಸಿಕ್ಕಾಕೊಂಡಾಗ ಏನಂದ್ರೋ ಅದೇ ಅಂತಾರೆ,” ಎಂದಳು ಪಿಳ್ಳಮ್ಮಕ್ಕ. ಪೌಡರಿನ ಬದಲು ತೆಳು ಬಟ್ಟೆಯಲ್ಲಿ ಅಕ್ಕಿ ಹಿಟ್ಟು ಕಟ್ಟಿಕೊಂಡು, ಆ ಕೆಂಪು ಚುಕ್ಕಿಗೆ ನೇರವಾಗಿ ಮೇಲಿರುವ ಜಾಗ ಹುಡುಕುತ್ತಾ ಕೆಳಗೆ ಸರಿದಳು. ಹೊರಗೆ ಕಾಣುತ್ತಿದ್ದದ್ದು ಕಾಲುಂಗುರ ಹಾಕಿದ ಅವಳ ಎರಡು ಪಾದ ಮಾತ್ರ. ಒಳಗಿನಿಂದ ಹಿಟ್ಟು ತಟ್ಟುವ ಸದ್ದು, ಒರೆಸುವ ಸದ್ದು, ಬೈಗುಳ ಎಲ್ಲ ಒಂದಾದ ಮೇಲೊಂದು ಬಂದವು. ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ನಿಂತುಹೋಯಿತು. ಪಿಳ್ಳಮ್ಮಕ್ಕ ಸುಮ್ಮನಾದರೆ ನನಗೆ ಭಯವಾಗುತ್ತದೆ.

“ಆಶಾ.”

“ಏನಕ್ಕ?”

“ನಮ್ಮ ಟೈಗರ್ರು ಬೈಂಡಿಂಗ್ ವೈರ್ ಸುತ್ತೋದು ಯಾವಾಗ ಕಲೀತು?”

ನನಗೆ ಅರ್ಥವಾಗಲಿಲ್ಲ. ಭಾವನಿಗೆ ಅರ್ಥವಾಯಿತು ಎಂದು ಅವರ ಮುಖದಲ್ಲೇ ಕಂಡಿತು. ಅವರು ಮೆಲ್ಲಗೆ ಮನೆಯೊಳಗೆ ಜಾರಲು ನೋಡಿದರು. ಯಾವ ಮಾಯದಲ್ಲೋ ಜಗಲಿ ಹತ್ತಿದ್ದ ನಾಯಿ ಬಾಗಿಲಿಗೆ ಅಡ್ಡವಾಗಿ ಮಲಗಿತ್ತು, ಏಳಲಿಲ್ಲ.

ಕಟಿಂಗ್ ಪ್ಲೇಯರ್ ಕೇಳಿ ಇಸಿದುಕೊಂಡ ಪಿಳ್ಳಮ್ಮಕ್ಕ ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ಕೂದಲ ತುಂಬ ಅಕ್ಕಿ ಹಿಟ್ಟು, ಮೊಣಕೈವರೆಗೆ ಕೆಂಪೆಣ್ಣೆ. ಕೈಯಲ್ಲಿ ಭಾವನ ಎಡಗಾಲಿನ ಎಕ್ಕಡ. ಅದಕ್ಕೆ ಕರಿ ಉಣ್ಣೆಯ ದಾರ ಸುತ್ತಿತ್ತು, ದಾರಕ್ಕೆ ಒಣಗಿದ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿತ್ತು. ಲಾರಿಯವರು ದೃಷ್ಟಿಯಾಗದಿರಲಿ ಎಂದು ಹಳೇ ಚಪ್ಪಲಿ ಕಟ್ಟುತ್ತಾರಲ್ಲ, ಹಾಗೆ. ಲಾರಿಯವರು ಕಬ್ಬಿಣಕ್ಕೆ ಕಟ್ಟುತ್ತಾರೆ. ಭಾವ ಬಂಪರಿನ ಕೆಳಗೆ ಕೈ ತೂರಿಸಿ, ಕಣ್ಣಿಗೆ ಕಾಣದೆ, ಕೈಗೆ ಸಿಕ್ಕ ರಬ್ಬರ್ ಪೈಪಿಗೆ ಬೈಂಡಿಂಗ್ ವೈರಿನಿಂದ ಕಟ್ಟಿದ್ದರು. ಟೈರಿನ ತಳದ ಆ ಎಕ್ಕಡ ಅರ್ಧ ಇಟ್ಟಿಗೆಯಷ್ಟು ಭಾರ. ಗುಂಡಿ ಬಂದಾಗಲೆಲ್ಲ ಅದು ತೂಗಾಡಿ ತೂಗಾಡಿ ಪೈಪನ್ನು ಎಳೆದು, ಕ್ಲಿಪ್ಪನ್ನು ಜಾರಿಸಿತ್ತು.

ಪಿಳ್ಳಮ್ಮಕ್ಕ ಎಕ್ಕಡವನ್ನು ಜಗಲಿಯ ಮೇಲೆ, ಅವರ ಮುಂದೆ ಇಟ್ಟಳು.

“ಇದನ್ನ ಯಾರು ಕಟ್ಟಿದ್ದು?”

ಭಾವ ಎಕ್ಕಡವನ್ನೇ ನೋಡುತ್ತಾ ಅದಕ್ಕೇ ಹೇಳುವಂತೆ ಹೇಳಿದರು. “ಆ ರೋಡಲ್ಲಿ ಕಂಟೇನರ್ ಲಾರಿಗಳು ಹೆಂಗೆ ಬರ್ತವೆ ನೋಡಿದೀಯಾ? ನೀನು ಹೋಗೋವಾಗ ಇನ್ನೂ ಸರಿಯಾಗಿ ಬೆಳಕು ಬಿಟ್ಟಿರಲ್ಲ. ಮೊಪೆಡ್ಡಲ್ಲಾದ್ರೆ ನಾನು ಮುಂದೆ ಇರ್ತಿದ್ದೆ. ಇದರಲ್ಲಿ ನೀನೊಬ್ಳೇ.”

“ನನಗೆ ಹೇಳಿದ್ರೆ ಆಗ್ತಿರ್ಲಿಲ್ವಾ?”

“ಹೇಳಿದ್ರೆ ನೀನು ನಗ್ತಿದ್ದೆ.”

“ಈಗೇನು ಅಳ್ತಾ ಇದೀನಾ?” ಎಂದು ಅವಳು ನಗಲು ಶುರುಮಾಡಿದಳು. ನಗುತ್ತಾ ಜಗಲಿಯ ಮೇಲೆ ಕೂತಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮುಖವೆಲ್ಲ ಕೆಂಪಾಯಿತು. ಎಣ್ಣೆಯ ಕೈ ಎಂದು ನಾನು ಹೇಳಲಿಲ್ಲ. ಭಾವನನ್ನು ಚೆನ್ನಾಗಿ ಆಡಿಕೊಳ್ಳಬೇಕೆಂದು ನಾಲ್ಕು ಮಾತು ಜೋಡಿಸಿಕೊಂಡು ನಿಂತಿದ್ದವಳು ನಾನು. ಅವರ ಮುಖ ನೋಡಿದ ಮೇಲೆ ಒಂದೂ ಹೊರಗೆ ಬರಲಿಲ್ಲ. ನನ್ನ ಗಂಡ ನನಗಾಗಿ ಒಂದು ಹಳೇ ಚಪ್ಪಲಿಯನ್ನಾದರೂ ಎಲ್ಲಾದರೂ ಕಟ್ಟಿದ್ದಾನೆಯೇ ಎಂಬ ಯೋಚನೆ ಬಂದು ಹೊಟ್ಟೆ ಉರಿಯಿತು.

ಉಳಿದ ಕೆಲಸ ಬೇಗ ಮುಗಿಯಿತು. ಪೈಪಿನ ಹರಿದ ತುದಿಯನ್ನು ಈಳಿಗೆಮಣೆಯಲ್ಲಿ ಕತ್ತರಿಸಿ, ಒಳಕ್ಕೆ ತಳ್ಳಿ, ಹೊಸ ಕ್ಲಿಪ್ ಹಾಕಿ ಬಿಗಿದಳು. ಕಾರನ್ನು ಸಮನೆಲಕ್ಕೆ ಇಳಿಸಿ, ಇಂಜಿನ್ ಬಿಸಿ ಮಾಡಿ, ಭಾವನ ಲಾಳಿಕೆಯಿಂದಲೇ ಕೆಂಪೆಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು, ಅಳತೆಯ ಕಡ್ಡಿ ತೆಗೆದು ನೋಡಿ, ಪಾಯಸಕ್ಕೆ ಹಾಲು ಹಾಕುವಂತೆ ಮತ್ತಷ್ಟು ಸುರಿದಳು. ಹೊಂಗೆ ಮರದ ಕೆಳಗೆ ನಾನು ಹೊಸದಾಗಿ ಚುಕ್ಕಿ ಇಟ್ಟೆ. ಭಾನುವಾರ ಬೆಳಿಗ್ಗೆ ಅವು ಇಟ್ಟ ಹಾಗೆಯೇ ಬೆಳ್ಳಗಿದ್ದವು.

ಹೇಳಿದ ಹೊತ್ತಿಗೆ ಸುನಿಲ್‌ಕುಮಾರ್ ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಟೈರಿಗೆ ಒದ್ದು, ಎಲ್ಲ ಬ್ರೋಕರುಗಳಂತೆ ಮುಖ ಸಪ್ಪಗೆ ಮಾಡಿಕೊಂಡ.

“ಏನಣ್ಣ, ಕೊಡೋದು ಎಷ್ಟಕ್ಕೆ?”

“ನನ್ನ ಕೇಳ್ಬೇಡಪ್ಪ,” ಎಂದರು ಭಾವ. “ಗಾಡಿ ಅವಳದು.”

“ನೀವೇ ತಾನೇ ಫೋನ್ ಮಾಡಿದ್ದು?”

“ಫೋನ್ ನಂದು. ಗಾಡಿ ಅವಳದು.”

ಪಿಳ್ಳಮ್ಮಕ್ಕ ಒಳಗಿಂದ ಒಂದು ತಟ್ಟೆ ಇಡ್ಲಿ ತಂದು ಅವನ ಕೈಗಿಟ್ಟಳು. “ಕೊಡಲ್ಲ ಕಣಪ್ಪ. ತಿಂದ್ಕೊಂಡು ಹೋಗು.” ಅವನು ಎರಡನೇ ಸಲ ಸಾಂಬಾರು ಹಾಕಿಸಿಕೊಂಡು ಹೋದ. ಆ ಮಧ್ಯಾಹ್ನ ಟೈಗರ್ ಜಗಲಿಯ ಮೇಲೆ ಮಲಗಿತ್ತು, ಭಾವ ಅದರ ಮುಂದೆ ಕೋಳಿ ಮೂಳೆ ಇಡುವುದನ್ನು ನಾನು ಕಿಟಕಿಯಿಂದ ನೋಡಿದೆ.

ಸೋಮವಾರ ಪಾತ್ರೆ ಹತ್ತಿಸುವಾಗ ನೋಡಿದರೆ ಎಕ್ಕಡ ಮತ್ತೆ ಕಾರಿಗೆ ಬಂದಿತ್ತು. ಈ ಸಲ ಹಿಂದಿನ ಕಬ್ಬಿಣದ ಕೊಂಡಿಗೆ, ಹೊಸ ನಿಂಬೆಹಣ್ಣು ಸೇರಿಸಿ, ಪಿಳ್ಳಮ್ಮಕ್ಕನೇ ಕಟ್ಟಿದ್ದಳು. ಕಟ್ಟಿ ಮುಗಿಸಿ ಮುಂದಿನ ಎಡ ಬಾಗಿಲು ತೆಗೆದು ಹಿಡಿದುಕೊಂಡು ನಿಂತಳು. ಭಾವ ಆಕಾಶ ನೋಡಿದರು, ಮೊಪೆಡ್ ನೋಡಿದರು, ಆಮೇಲೆ ಬಂದು ಕೂತರು. ಇಂಥದ್ದನ್ನು ತಪ್ಪಿಸಿಕೊಳ್ಳುವವಳು ನಾನಲ್ಲ. ಬಾಳೆ ಎಲೆಯ ಕಟ್ಟು ಹಿಡಿದುಕೊಳ್ಳುವ ನೆಪ ಮಾಡಿ ಹಿಂದಿನ ಸೀಟಿಗೆ ಹತ್ತಿದೆ.

ಹೆದ್ದಾರಿಗೆ ಬಂದೆವು. ಎದುರಿಗೊಂದು ಕಂಟೇನರ್ ಲಾರಿ ಬಂತು. ಭಾವ ಎರಡು ಕೈಯಲ್ಲಿ ಸೀಟು ಹಿಡಿದು, ಇಲ್ಲದ ಕ್ಲಚ್ಚನ್ನು ಎಡಗಾಲಿನಿಂದ ತುಳಿದರು. ಆ ಕಾಲಿಗೆ ಚಪ್ಪಲಿ ಇರಲಿಲ್ಲ. ಕಾರು ನಿಧಾನವಾಯಿತು, ಲಾರಿ ಹಾದುಹೋಯಿತು. ಇನ್ನೊಂದು ಲಾರಿ ಬಂತು, ಅವರು ಮತ್ತೆ ತುಳಿದರು, ಕಾರು ಮತ್ತೆ ನಿಧಾನವಾಯಿತು. ಪಿಲ್ಲಗುಂಪೆ ತಲುಪುವವರೆಗೂ ಹೀಗೆಯೇ. ಲಾರಿಗಳಿಗೆ ಬೈಯುವುದನ್ನು ಬಿಟ್ಟು ಪಿಳ್ಳಮ್ಮಕ್ಕ ಓರೆಗಣ್ಣಿನಲ್ಲಿ ಆ ಬರಿಗಾಲನ್ನೇ ನೋಡುತ್ತಿದ್ದಳು. ಅದು ಒತ್ತಿದಾಗಲೆಲ್ಲ ಇವಳು ಬ್ರೇಕ್ ಮುಟ್ಟುತ್ತಿದ್ದಳು. ಹಿಂದೆ ಕೂತ ನನಗೆ ಅದು ಕಾಣುತ್ತಿತ್ತು, ಭಾವನಿಗೆ ಕಾಣುತ್ತಿರಲಿಲ್ಲ.

ಗೇಟಿನ ಮುಂದೆ ಇಳಿದ ಭಾವ ಕಾರಿನ ಬಾನೆಟ್ಟನ್ನು ಒಮ್ಮೆ ತಟ್ಟಿ, “ಪರವಾಗಿಲ್ಲ, ಹೇಳಿದ ಮಾತು ಕೇಳ್ತದೆ,” ಎಂದರು.

ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಪಿಳ್ಳಮ್ಮಕ್ಕ ನನ್ನ ಕೈ ಚಿವುಟಿದಳು. “ಸುಮ್ನಿರೆ. ನಾಳೆನೂ ಬರ್ತಾರೆ.”